ಕಾಲಿಲ್ಲದ ಮರದ ಹೆಣ್ಣು: ಈಜಿಪ್ಟಿನ ಪ್ಯಾಡಲ್ ಡಾಲ್

ಈಜಿಪ್ಟ್ ಅಂದ್ರೆ ಪಿರಮಿಡ್, ಮಮ್ಮಿಗಳ ಮಾತೇ ಜಾಸ್ತಿ. ನನಗೆ ತುಂಬಾ ಹಿಡಿಸಿದ್ದು ಮಾತ್ರ ಗೇಣುದ್ದದ ಒಂದು ಮರದ ಹಲಗೆ.

ಆಕಾರ ದೋಣಿಯ ಹುಟ್ಟಿನಂತೆ, ಅದಕ್ಕೇ ಪ್ಯಾಡಲ್ ಡಾಲ್ ಅಂತ ಹೆಸರು. ತೋಳು ಮೋಟು. ಕಾಲು ಇಲ್ಲವೇ ಇಲ್ಲ, ಸೊಂಟದ ಕೆಳಗೆ ಹಲಗೆ ಅಗಲವಾಗಿ ದುಂಡಗೆ ಮುಗಿದುಬಿಡುತ್ತದೆ. ಆದರೆ ಕೂದಲು ನೋಡಬೇಕು! ಪುಟ್ಟ ಪುಟ್ಟ ಮಣ್ಣಿನ ಮಣಿಗಳನ್ನು ದಾರಕ್ಕೆ ಪೋಣಿಸಿ, ಎಳೆ ಎಳೆಯಾಗಿ ಇಳಿಬಿಟ್ಟಿದ್ದಾರೆ. ಮೈಮೇಲೆ ಬಣ್ಣದಲ್ಲಿ ಬರೆದ ಕೊರಳ ಸರ, ಚೌಕಳಿ ಬಟ್ಟೆ, ಹಚ್ಚೆ. ಕೆಳಗೆ ಗುಪ್ತಾಂಗದ ತ್ರಿಕೋನ, ಮುಚ್ಚುಮರೆ ಇಲ್ಲದೆ.

ಕಾಲ ಕ್ರಿ.ಪೂ. 2000ರ ಆಸುಪಾಸು, ಈಜಿಪ್ಟಿನ ಇತಿಹಾಸದಲ್ಲಿ ಮಧ್ಯ ಸಾಮ್ರಾಜ್ಯ ಅನ್ನುವ ಘಟ್ಟ. ಜಾಸ್ತಿ ಸಿಕ್ಕಿದ್ದು ಥೀಬ್ಸ್ ಎಂಬ ಹಳೆಯ ನಗರದ (ಈಗಿನ ಲಕ್ಸರ್) ಗೋರಿಗಳಲ್ಲಿ.

ಇವು ಯಾಕೆ? ಮಕ್ಕಳ ಆಟಿಕೆ ಅಂದರು ಕೆಲವರು. ಸತ್ತ ಗಂಡಸಿಗೆ ಪರಲೋಕದಲ್ಲಿ ಜೊತೆಗಾತಿ ಅಂದರು ಇನ್ನು ಕೆಲವರು. ಆದರೆ ಹೆಂಗಸರ, ಮಕ್ಕಳ ಗೋರಿಯಲ್ಲೂ ಇವು ಸಿಕ್ಕಿವೆ. ಹಾಗಾದರೆ ಜೊತೆಗಾತಿ ಅನ್ನುವ ವಾದ ಗಟ್ಟಿಯಲ್ಲ, ಅಲ್ವಾ?

ಈಜಿಪ್ಟ್ ತಜ್ಞೆ ಎಲೆನ್ ಮಾರಿಸ್ 2011ರಲ್ಲಿ ಮಂಡಿಸಿದ ವಾದ ನನಗೆ ಹೆಚ್ಚು ಒಪ್ಪಿಗೆ. ಅವರ ಪ್ರಕಾರ ಇವು 'ಖೆನೆರ್' ಮೇಳದ ಹೆಂಗಸರು, ಅಂದರೆ ಸಂಗೀತ, ಪ್ರೀತಿಯ ದೇವಿ ಹಾಥೋರ್ ಮುಂದೆ ಹಾಡಿ ಕುಣಿಯುತ್ತಿದ್ದವರು. ಹಚ್ಚೆಗೂ ಆಧಾರವಿದೆ. 1891ರಲ್ಲಿ ಥೀಬ್ಸ್‌ನ ದೇರ್ ಎಲ್-ಬಹರಿಯಲ್ಲಿ ಸಿಕ್ಕ ಅಮುನೆತ್ ಎಂಬ ಹಾಥೋರ್ ಪೂಜಾರಿಣಿಯ ಮಮ್ಮಿಯ ಹೊಟ್ಟೆಯ ಮೇಲೆ ಚುಕ್ಕೆ, ಗೆರೆಗಳ ಹಚ್ಚೆ ಈಗಲೂ ಕಾಣುತ್ತದೆ.

ಇನ್ನು ಆ ದುಂಡು ತುದಿ. ಹಾಥೋರ್ ಪೂಜೆಯಲ್ಲಿ 'ಮೆನಾತ್' ಎಂಬ ಮಣಿಸರ ಇತ್ತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಸದ್ದು. ಆ ಸರದ ಹಿಂದೆ ಭಾರಕ್ಕೆ ತೂಗುತ್ತಿದ್ದ ಬಿಲ್ಲೆಯ ಮೇಲ್ಭಾಗ ಕಿರಿದು, ಕೆಳಭಾಗ ದುಂಡು. ಈಗ ನಮ್ಮ ಹಲಗೆಯನ್ನು ಅದರ ಪಕ್ಕ ಇಟ್ಟು ನೋಡಿ. ಅದೇ ಆಕಾರ! ಮಣಿಗೂದಲು ಕೂಡ ಸುಮ್ನೆ ಅಲಂಕಾರಕ್ಕೆ ಅಂತ ನನಗನ್ನಿಸುವುದಿಲ್ಲ, ಮೆನಾತ್‌ನ ಮಣಿಗಳಂತೆ ಸದ್ದಿಗೂ ಇರಬಹುದು.

ಒಂದು ಎಚ್ಚರಿಕೆ: ಬಣ್ಣದ ಮರದ ಹೆಣ್ಣುಗಳೆಲ್ಲ ಪ್ಯಾಡಲ್ ಡಾಲ್ ಅಲ್ಲ. ಥೀಬ್ಸ್‌ನಲ್ಲೇ, ಅಧಿಕಾರಿ ಮೆಕೆತ್ರೆಯ ಗೋರಿಯಲ್ಲಿ 1920ರಲ್ಲಿ ಸಿಕ್ಕ ಕಾಣಿಕೆ ಹೊತ್ತ ಹೆಣ್ಣು ಬೇರೆಯೇ ಜಾತಿ. ಎತ್ತರ 112 ಸೆಂಟಿಮೀಟರ್. ಗರಿಗಳ ಚಿತ್ತಾರದ ಉಡುಗೆ, ತಲೆಯ ಮೇಲೆ ಮಾಂಸದ ಬುಟ್ಟಿ, ಬಲಗೈಯಲ್ಲಿ ರೆಕ್ಕೆಗಳಿಂದ ಹಿಡಿದುಕೊಂಡ ಬಾತುಕೋಳಿ. ಅವಳಿಗೆ ಕಾಲೂ ಇದೆ. ಎಡಗಾಲು ಮುಂದಿಟ್ಟು ನಡೆಯುತ್ತಿದ್ದಾಳೆ.