ಇಂಡಿ ಲೇಬಲ್ ಅಂದ್ರೇನು? ವಿಲ್ಸನ್ ಪಿಕೆಟ್ ಡಬಲ್ ಎಲ್‌ನಲ್ಲಿದ್ದ ಸ್ವಲ್ಪ ಕಾಲ

ಇಂಡಿ ಅಂದ ತಕ್ಷಣ ಈಗ ಎಲ್ರಿಗೂ ರೂಮಲ್ಲಿ ಕೂತು ತಾನೇ ರೆಕಾರ್ಡ್ ಮಾಡಿ ತಾನೇ ಅಪ್‌ಲೋಡ್ ಮಾಡೋ ಹುಡುಗ್ರು ನೆನಪಾಗ್ತಾರೆ. ಹಳೇ ಅಮೆರಿಕನ್ ರೆಕಾರ್ಡ್ ವ್ಯಾಪಾರದಲ್ಲಿ ಮಾತ್ರ ಇಂಡಿಪೆಂಡೆಂಟ್ ಅಂತ ಕರೀತಿದ್ದದ್ದು ಕಂಪನಿನ, ಅಂದ್ರೆ ಹಾಡು ರೆಕಾರ್ಡ್ ಮಾಡಿ ಮಾರೋ ಲೇಬಲ್‌ನ. ಆರ್‌ಸಿಎ, ಕೊಲಂಬಿಯಾ, ಡೆಕ್ಕಾ, ಕ್ಯಾಪಿಟಲ್ ಥರದ ದೊಡ್ಡೋರಿಗೆ ರೆಕಾರ್ಡ್ ಒತ್ತೋ ಸ್ವಂತ ಫ್ಯಾಕ್ಟರಿ, ಊರೂರಿಗೆ ಮಾಲು ಕಳ್ಸೋ ಸ್ವಂತ ವ್ಯವಸ್ಥೆ ಎಲ್ಲ ಇತ್ತು, ಅವ್ರು ಮೇಜರ್. ಅದ್ಯಾವ್ದೂ ಇಲ್ದೆ ಬೇರೆಯವ್ರ ಫ್ಯಾಕ್ಟರೀಲಿ ಪ್ರೆಸ್ ಮಾಡ್ಸಿ, ಆಯಾ ಊರಿನ ಡಿಸ್ಟ್ರಿಬ್ಯೂಟರ್ ಕೈಗೆ ಕೊಟ್ಟು ಮಾರೋರು ಇಂಡಿ. ಹಾಡೋನು ಅಲ್ಲೂ ಕಾಂಟ್ರಾಕ್ಟಿಗೆ ಸೈನ್ ಹಾಕಿ ಕಟ್ಟುಬಿದ್ದೋನೇ.

ಇದು ಸರಿಯಾಗಿ ಅರ್ಥ ಆಗ್ಬೇಕಂದ್ರೆ ಅಮೆರಿಕದ ಹಾಡುಗಾರ ವಿಲ್ಸನ್ ಪಿಕೆಟ್ ಕಥೆ ನೋಡಿ. ಹುಟ್ಟಿದ್ದು 1941ರಲ್ಲಿ ಅಲಬಾಮಾದ ಪ್ರಾಟ್‌ವಿಲ್‌ನಲ್ಲಿ, ಹದಿವಯಸ್ಸಲ್ಲಿ ಡೆಟ್ರಾಯಿಟ್‌ಗೆ ಬಂದು ಮೊದ್ಲು ಚರ್ಚ್ ಹಾಡು, ಆಮೇಲೆ ದಿ ಫಾಲ್ಕನ್ಸ್ ಅನ್ನೋ ಗುಂಪು. 1962ರಲ್ಲಿ ಆ ಗುಂಪಿನ 'ಐ ಫೌಂಡ್ ಎ ಲವ್' ಹಿಟ್ ಆಯ್ತು, ಕಿರುಚೋ ಥರ ಹಾಡ್ತಾನಲ್ಲ ಆ ಗಂಟಲು ಆಗ್ಲೇ ಪೂರ್ತಿ ರೆಡಿ ಇತ್ತು. ಇನ್ನು ಒಬ್ನೇ ಹಾಡೋಣ ಅಂತ 'ಇಫ್ ಯು ನೀಡ್ ಮಿ' ಅನ್ನೋ ಹಾಡನ್ನ ಇನ್ನಿಬ್ರ ಜೊತೆ ಸೇರಿ ಬರೆದ, ಅದರ ಡೆಮೊ, ಅಂದ್ರೆ ಕಂಪನಿಯವ್ರಿಗೆ ಕೇಳ್ಸೋಕೆ ಅಂತ ಮಾಡಿದ ಸ್ಯಾಂಪಲ್ ರೆಕಾರ್ಡಿಂಗು, ನ್ಯೂಯಾರ್ಕ್‌ನ ಅಟ್ಲಾಂಟಿಕ್ ರೆಕಾರ್ಡ್ಸ್‌ನ ಪ್ರೊಡ್ಯೂಸರ್ ಜೆರ್ರಿ ವೆಕ್ಸ್ಲರ್ ಹತ್ರ ಹೋಯ್ತು. ವೆಕ್ಸ್ಲರ್‌ಗೆ ಹಾಡು ಹಿಡಿಸ್ತು, ಆದ್ರೆ ಅದನ್ನ ಹಾಡೋಕೆ ಕೊಟ್ಟಿದ್ದು ತನ್ನಲ್ಲಿದ್ದ ದೊಡ್ಡ ಸ್ಟಾರ್ ಸಾಲೊಮನ್ ಬರ್ಕ್‌ಗೆ!

ಪಿಕೆಟ್ ಹಾಡಿದ್ದು ಬಂದಿದ್ದು ಡಬಲ್ ಎಲ್ ಅನ್ನೋ ಸಣ್ಣ ಲೇಬಲ್‌ನಲ್ಲಿ. ಅದರ ಯಜಮಾನ್ರಲ್ಲಿ ಒಬ್ಬ ಲಾಯ್ಡ್ ಪ್ರೈಸ್, ಅವ್ನೂ ಹಾಡುಗಾರನೇ, 1952ರಲ್ಲೇ 'ಲಾಡಿ ಮಿಸ್ ಕ್ಲಾಡಿ' ಹಾಡಿ ಹೆಸರು ಮಾಡಿದ್ದೋನು. ಕಪ್ಪು ಜನಾಂಗದ ಕಲಾವಿದನೊಬ್ಬ ಆ ಕಾಲಕ್ಕೆ ಸ್ವಂತ ಲೇಬಲ್ ನಡೆಸ್ತಿದ್ದ ಅನ್ನೋದೇ ಸಣ್ಣ ಮಾತಲ್ಲ, ಇವನ ಬಗ್ಗೆ ಬೇರೇನೇ ಬರೀಬೇಕು. ಸರಿ, 1963ರಲ್ಲಿ ಒಂದೇ ಹಾಡು ಎರಡು ಕಡೆಯಿಂದ ಮಾರ್ಕೆಟ್‌ಗೆ ಬಂತು. ಬರ್ಕ್ ಹಾಡಿದ್ದು ಆರ್ ಅಂಡ್ ಬಿ ಚಾರ್ಟ್‌ನಲ್ಲಿ, ಅಂದ್ರೆ ರಿದಮ್ ಅಂಡ್ ಬ್ಲೂಸ್ ಅನ್ನೋ ಕಪ್ಪು ಜನಾಂಗದ ಸಂಗೀತದ ಹಿಟ್ ಪಟ್ಟಿಯಲ್ಲಿ, 2ನೇ ಸ್ಥಾನ, ಬರೆದೋನು ಹಾಡಿದ್ದು 30. ನನ್ನ ಪ್ರಕಾರ ಗಂಟಲಿನ ವ್ಯತ್ಯಾಸ ಅಷ್ಟೇನಿಲ್ಲ, ಅಟ್ಲಾಂಟಿಕ್ ಕೈ ರೇಡಿಯೋದವ್ರ ತನಕ, ಅಂಗಡಿಗಳ ತನಕ ಚೆನ್ನಾಗಿ ಚಾಚಿತ್ತು, ಡಬಲ್ ಎಲ್ ಕೈ ಅಷ್ಟು ದೂರ ಹೋಗ್ತಿರ್ಲಿಲ್ಲ.

ತಮಾಷೆ ಏನಂದ್ರೆ ಅಟ್ಲಾಂಟಿಕ್ ಕೂಡ ಆಗ ಇಂಡಿನೇ. 1947ರಲ್ಲಿ ಶುರುವಾಗಿದ್ದು, 1967ರಲ್ಲಿ ವಾರ್ನರ್‌ನವ್ರು ಕೊಳ್ಳೋ ತನಕ ಇಂಡಿ ಲೇಬಲ್ ಆಗೇ ಇತ್ತು. ಡೆಟ್ರಾಯಿಟ್‌ನ ಮೋಟೌನ್, ಮೆಂಫಿಸ್‌ನ ಸ್ಟ್ಯಾಕ್ಸ್ ಶುರುವಾಗಿದ್ದೂ ಇಂಡಿಗಳಾಗೇ. ಅಂದ್ರೆ ಇಂಡಿ ಅನ್ನೋದು ಸೈಜ್ ಹೇಳಲ್ಲ, ಅದರೊಳಗೇ ಆನೆನೂ ಇತ್ತು ಇಲಿನೂ ಇತ್ತು.

ಇಲಿಗಳ ಕಷ್ಟ ಕೇಳಿದ್ರೆ ನಂಬೋಕಾಗಲ್ಲ, ಹಾಡು ಓಡದಿದ್ರೂ ನಷ್ಟ, ವಿಪರೀತ ಓಡಿದ್ರೂ ತಲೆನೋವು. ಯಾಕಂದ್ರೆ ರೆಕಾರ್ಡ್ ಒತ್ತೋ ಫ್ಯಾಕ್ಟರಿಯವ್ರಿಗೆ ಬೇಗ ದುಡ್ಡು ಬೇಕು, ಡಿಸ್ಟ್ರಿಬ್ಯೂಟರ್ ಮಾತ್ರ ಮಾರಿದ್ಮೇಲೂ ತಿಂಗಳುಗಟ್ಟಲೆ ಸತಾಯಿಸ್ತಾನೆ, ಮುಂದಿನ ಹಿಟ್ ಬರ್ತಿದ್ರೆ ಮಾತ್ರ ಹಳೇ ಬಾಕಿ ಕೊಡೋ ಜನ ಅವ್ರು, ಉಳಿದ ಮಾಲನ್ನ ವಾಪಸ್ ಬೇರೆ ಕಳಿಸ್ತಾರೆ. ಆಗ ಸಣ್ಣ ಲೇಬಲ್‌ಗೆ ಕೈಗೆ ಸಿಗೋ ದುಡ್ಡು ಅಂದ್ರೆ ಹಾಡೋನ ಕಾಂಟ್ರಾಕ್ಟನ್ನೇ ದೊಡ್ಡೋರಿಗೆ ಮಾರೋದು.

ಪಿಕೆಟ್‌ಗೂ ಅದೇ ಆಯ್ತು. ಅದೇ 1963ರಲ್ಲಿ ಡಬಲ್ ಎಲ್‌ನಿಂದ ಬಂದ ಅವನ ಸ್ವಂತ ಹಾಡು 'ಇಟ್ಸ್ ಟೂ ಲೇಟ್' ಆರ್ ಅಂಡ್ ಬಿನಲ್ಲಿ 7ನೇ ಸ್ಥಾನಕ್ಕೆ ಹೋಯ್ತು, ಹಾಡು ಕಿತ್ಕೊಂಡಿದ್ದ ಅದೇ ಅಟ್ಲಾಂಟಿಕ್ 1964ರಲ್ಲಿ ಬಂದು ಕಾಂಟ್ರಾಕ್ಟ್ ಕೊಂಡ್ಕೊಳ್ತು. ಅಲ್ಲೂ ಮೊದ್ಲು ಏನೂ ಗಿಟ್ಲಿಲ್ಲ. 1965ರ ಮೇನಲ್ಲಿ ವೆಕ್ಸ್ಲರ್ ಅವನನ್ನ ಮೆಂಫಿಸ್‌ಗೆ, ಸ್ಟ್ಯಾಕ್ಸ್ ಸ್ಟುಡಿಯೋಗೆ ಕರ್ಕೊಂಡೋದ, ಅಲ್ಲಿನ ಗಿಟಾರ್ ಪ್ಲೇಯರ್ ಸ್ಟೀವ್ ಕ್ರಾಪರ್ ಜೊತೆ ಕೂತು ಬರೆದ 'ಇನ್ ದಿ ಮಿಡ್‌ನೈಟ್ ಅವರ್' ಆರ್ ಅಂಡ್ ಬಿನಲ್ಲಿ ನಂಬರ್ ಒನ್. ಇವತ್ತು ಪಿಕೆಟ್ ಅಂದ್ರೆ ಜನ ಹೇಳೋದು ಆ ಹಾಡೇ.

ಡಬಲ್ ಎಲ್ ಕಾಲದ್ದನ್ನ ಕೇಳೋರು ಕಮ್ಮಿ. 'ಇಫ್ ಯು ನೀಡ್ ಮಿ' ಇಬ್ರು ಹಾಡಿದ್ದನ್ನೂ ಒಂದಾದ್ಮೇಲೊಂದು ಹಾಕಿ ಕೇಳಿ, ಮಧ್ಯದಲ್ಲಿ ಹಾಡು ನಿಲ್ಸಿ ಚರ್ಚ್‌ನಲ್ಲಿ ಉಪದೇಶ ಮಾಡೋ ಥರ ಮಾತಾಡೋ ಜಾಗ ಬರುತ್ತೆ, ಅಲ್ಲಿ ನನ್ನ ಓಟು ಪಿಕೆಟ್‌ಗೇ.