ಸಣ್ಣ ಮೋಟಾರು ದೋಣಿಯಿಂದ ಏಡಿ ಹಿಡಿಯುವುದು: ನೀರಿನ ಸೆಳೆತದ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಹವ್ಯಾಸಕ್ಕಾಗಿ ಏಡಿ ಹಿಡಿಯಲು ಕಲಿಯುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಬೋನು ಯಾವ ಬಗೆಯದಿರಬೇಕು, ಎರೆ ಯಾವುದಿರಬೇಕು ಎಂಬುದನ್ನು. ಈ ಎರಡಕ್ಕಿಂತಲೂ ಮುಂಚೆ ಅರಿಯಬೇಕಾದದ್ದು ನೀರಿನ ಸೆಳೆತ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಡಿಯನ್ನು ಬೋನಿನ ಬಳಿಗೆ ಕರೆತರುವುದು ಅದೇ. ಬೋನಿರುವ ಜಾಗ ತಿಳಿಯಲೆಂದು ಅದರ ಹಗ್ಗದ ಮೇಲ್ತುದಿಗೆ ಕಟ್ಟಿದ ತೇಲುಬುರುಡೆಯನ್ನು ಕಣ್ಣಿಗೆ ಕಾಣದಂತೆ ಮುಳುಗಿಸುವುದೂ ಅದೇ. ಬೋನು ಎತ್ತುವಾಗ ಎಚ್ಚರ ತಪ್ಪಿದರೆ ದೋಣಿಯನ್ನು ಮಗುಚುವುದೂ ಅದೇ.

ಏಡಿಯು ತನ್ನ ಆಹಾರವನ್ನು ಹುಡುಕುವುದು ಬಹುಮಟ್ಟಿಗೆ ವಾಸನೆಯಿಂದ. ಅದರ ಕಣ್ಣುಗಳ ನಡುವೆ ಇರುವ ಒಂದು ಜೊತೆ ಕಿರುಮೀಸೆಗಳು ಸದಾ ಮಿಡಿಯುತ್ತಾ, ನೀರಿನಲ್ಲಿ ಕರಗಿ ಬರುವ ವಾಸನೆಯ ಕಣಗಳನ್ನು ಗ್ರಹಿಸುತ್ತವೆ. ಬೋನಿನಲ್ಲಿಟ್ಟ ಮೀನಿನ ವಾಸನೆ ಸುತ್ತಲೂ ಸಮನಾಗಿ ಹರಡುವುದಿಲ್ಲ. ಊದುಬತ್ತಿಯ ಹೊಗೆ ಗಾಳಿ ಬೀಸಿದತ್ತ ಎಳೆಯಾಗಿ ಸಾಗುವಂತೆ, ಅದು ಸೆಳೆತದ ದಿಕ್ಕಿನಲ್ಲಿ ಮಾತ್ರ ಉದ್ದಕ್ಕೆ ಹರಿಯುತ್ತದೆ. ಆ ಎಳೆಯನ್ನು ತಾಕಿದ ಏಡಿ ಸೆಳೆತಕ್ಕೆ ಎದುರಾಗಿ ನಡೆದು ಬೋನನ್ನು ತಲುಪುತ್ತದೆ. ನೀರು ಪೂರ್ತಿ ನಿಂತಿದ್ದರೆ ವಾಸನೆ ದೂರ ಹೋಗದು. ಸೆಳೆತ ಬಲವಾಗಿದ್ದರೆ ವಾಸನೆಯ ಎಳೆ ಹರಿದು ಚದುರುತ್ತದೆ, ಏಡಿಗೂ ನಡೆಯಲು ಕಷ್ಟವಾಗುತ್ತದೆ. ಆದ್ದರಿಂದ ನಮಗೆ ಬೇಕಾದದ್ದು ಮಂದವಾದ ಹರಿವು.

ಅದು ಯಾವಾಗ ಸಿಗುತ್ತದೆ? ಬಹುಪಾಲು ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುತ್ತದೆ. ಉಬ್ಬರಕ್ಕೂ ಇಳಿತಕ್ಕೂ ನಡುವಿನ ಆರು ಗಂಟೆಗಳಲ್ಲಿ ನೀರಿನ ಒಟ್ಟು ಏರಿಳಿತವನ್ನು 12 ಪಾಲು ಮಾಡಿದರೆ, ಒಂದೊಂದು ಗಂಟೆಯಲ್ಲಿ ಕ್ರಮವಾಗಿ 1, 2, 3, 3, 2, 1 ಪಾಲು ಸರಿಯುತ್ತದೆಂಬುದು ನಾವಿಕರ ಹಳೆಯ ಅಂದಾಜು. ಅಂದರೆ ನಡುವಿನ ಎರಡು ಗಂಟೆಗಳಲ್ಲೇ ಅರ್ಧದಷ್ಟು ನೀರು ಚಲಿಸುತ್ತದೆ. ಮೊದಲ ಮತ್ತು ಕೊನೆಯ ಗಂಟೆಗಳು ಶಾಂತವಾಗಿರುತ್ತವೆ. ಹರಿವು ಕುಗ್ಗುತ್ತಿರುವಾಗ ಬೋನು ಇಳಿಸಿ, ನೀರು ನಿಂತು ಮತ್ತೆ ಎದುರು ದಿಕ್ಕಿಗೆ ಹರಿಯತೊಡಗಿದ ಮೇಲೆ ಎತ್ತುವುದು ಉತ್ತಮವೆಂದು ನಾನು ಹೇಳುವುದು ಈ ಕಾರಣಕ್ಕೆ: ಒಂದೇ ಎರೆಯ ವಾಸನೆ ಎರಡೂ ಕಡೆಯ ಏಡಿಗಳನ್ನು ಮುಟ್ಟುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಹೊಸಬರು ಅಷ್ಟಮಿಯ ದಿನಗಳನ್ನು ಆರಿಸಿಕೊಳ್ಳುವುದು ಕ್ಷೇಮ. ಕಿರಿದಾದ ಕಾಲುವೆಗಳಲ್ಲಿ ನೀರಿನ ಮಟ್ಟ ಏರುವುದು ನಿಂತ ಮೇಲೂ ಹರಿವು ಮುಂದುವರಿಯಬಹುದಾದ್ದರಿಂದ, ಉಬ್ಬರದ ಪಟ್ಟಿಯ ಜೊತೆಗೆ ಸೆಳೆತದ ಪಟ್ಟಿಯನ್ನೂ ನೋಡಬೇಕು.

ಹಗ್ಗದ ಉದ್ದವನ್ನು ಉಬ್ಬರದ ಆಳಕ್ಕೆ ಲೆಕ್ಕ ಹಾಕಬೇಕು. ಇಳಿತದಲ್ಲಿ 12 ಮೀಟರ್ ಆಳವಿದ್ದು ಏರಿಳಿತ 3 ಮೀಟರ್ ಇದ್ದರೆ ಉಬ್ಬರದಲ್ಲಿ ಆಳ 15 ಮೀಟರ್ ಆಗುತ್ತದೆ. ಸೆಳೆತಕ್ಕೆ ಹಗ್ಗ ಓರೆಯಾಗುವುದರಿಂದ ಇನ್ನೊಂದು ನಾಲ್ಕೈದು ಮೀಟರ್ ಸೇರಿಸಬೇಕು. ಆದರೆ ಈ ಹೆಚ್ಚುವರಿ ಹಗ್ಗ ನೀರು ನಿಂತಾಗ ಮೇಲೆ ತೇಲಿ, ಹಾದುಹೋಗುವ ದೋಣಿಗಳ ಪ್ರೊಪೆಲರ್‌ಗೆ ಸುತ್ತಿಕೊಳ್ಳಬಾರದು. ನೀರಿನಲ್ಲಿ ಮುಳುಗುವ ಹಗ್ಗವನ್ನೇ ಬಳಸಬೇಕು, ಇಲ್ಲವೇ ತೇಲುಬುರುಡೆಯಿಂದ ಕೆಲವು ಮೀಟರ್ ಕೆಳಗೆ ಸಣ್ಣ ಭಾರವೊಂದನ್ನು ಕಟ್ಟಬೇಕು.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಬೋನು ಎತ್ತುವ ಗಳಿಗೆಯಲ್ಲಿ. ತೇಲುಬುರುಡೆಯನ್ನು ಸೆಳೆತಕ್ಕೆ ಎದುರಾಗಿ, ಮೆಲ್ಲಗೆ ಸಮೀಪಿಸಬೇಕು. ಆಗ ದೋಣಿ ಹತೋಟಿಯಲ್ಲಿರುತ್ತದೆ. ಹಗ್ಗ ಕೈಗೆ ಸಿಗುವ ಮುನ್ನ ಎಂಜಿನ್ ನ್ಯೂಟ್ರಲ್‌ಗೆ ಬಂದಿರಬೇಕು. ಮೋಟಾರು ಇರುವ ಹಿಂಬದಿಯಿಂದ ಎಂದೂ ಎಳೆಯಬಾರದು, ಏಕೆಂದರೆ ಅಲ್ಲಿ ಪ್ರೊಪೆಲರ್ ಇದೆ, ಜೊತೆಗೆ ಸಣ್ಣ ದೋಣಿಗಳ ಹಿಂಬದಿಯ ಅಂಚು ತಗ್ಗಾಗಿರುತ್ತದೆ. ಬೋನು ಕೆಸರಿನಲ್ಲಿ ಕಚ್ಚಿಕೊಂಡಾಗ ಹಗ್ಗವನ್ನು ಹಿಂಬದಿಗೆ ಕಟ್ಟಿ ಎಂಜಿನ್ನಿನಿಂದ ಎಳೆಯುವ ಆಸೆ ಸಹಜ. ಆದರೆ ಹಾಗೆ ಕಟ್ಟಿದ ಹಗ್ಗ ಲಂಗರಿನಂತೆ ಹಿಡಿದು, ಸೆಳೆತವು ಹಿಂಬದಿಯನ್ನು ಕೆಳಕ್ಕೆ ಜಗ್ಗಿ, ನೋಡನೋಡುತ್ತಲೇ ನೀರು ಒಳನುಗ್ಗಬಹುದು. ಬೋನಿಗೆ ನೇರ ಮೇಲೆ ಬಂದು ನಿಧಾನವಾಗಿ ಎಳೆಯಬೇಕು, ಬಾರದಿದ್ದರೆ ನೀರು ನಿಲ್ಲುವವರೆಗೆ ಕಾಯಬೇಕು. ಒಬ್ಬರು ಎಳೆಯುವಾಗ ಇನ್ನೊಬ್ಬರು ಅದೇ ಅಂಚಿಗೆ ಬಾಗದೆ ದೋಣಿಯ ನಡುವೆ ಕುಳಿತಿರಬೇಕು. ಬಿದ್ದ ಹಗ್ಗವನ್ನು ಕಾಲಿಗೆ ಸುತ್ತಿಕೊಳ್ಳದಂತೆ ತೊಟ್ಟಿಯೊಂದಕ್ಕೆ ತುಂಬುತ್ತಿರಬೇಕು. ಲೈಫ್ ಜಾಕೆಟ್ ಆಸನದ ಕೆಳಗಲ್ಲ, ಮೈಮೇಲಿರಬೇಕು.

ಇಷ್ಟಾದರೂ ಬೋನುಗಳು ಕೆಲವೊಮ್ಮೆ ಕಳೆದುಹೋಗುತ್ತವೆ. ಕಳೆದುಹೋದ ಬೋನಿನೊಳಗೆ ಸತ್ತ ಏಡಿಯೇ ಮುಂದಿನ ಏಡಿಗೆ ಎರೆಯಾಗಿ, ಯಾರಿಗೂ ದಕ್ಕದ ಸಾವು ತಿಂಗಳುಗಟ್ಟಲೆ ಮುಂದುವರಿಯುತ್ತದೆ. ಬೋನಿನ ಮುಚ್ಚಳವನ್ನೋ ಒಂದು ಕಿಂಡಿಯನ್ನೋ ಕೊಳೆತುಹೋಗುವ ಹತ್ತಿಯ ದಾರದಿಂದ ಕಟ್ಟುವುದು ಇದಕ್ಕೆ ಪರಿಹಾರ; ನಿಯಮ ಇದನ್ನು ಕಡ್ಡಾಯ ಮಾಡದ ಕಡೆಯಲ್ಲೂ ಬಿಡಬಾರದು.

ಸಿಕ್ಕ ಏಡಿಗಳನ್ನು ಅಲ್ಲಿಯೇ ವಿಂಗಡಿಸಬೇಕು. ಅಳತೆ, ಹೆಣ್ಣು-ಗಂಡು, ಋತು, ಬೋನುಗಳ ಸಂಖ್ಯೆ ಇವುಗಳ ನಿಯಮ ಸ್ಥಳದಿಂದ ಸ್ಥಳಕ್ಕೆ ಬೇರೆಯಾಗಿರುವುದರಿಂದ ಹೊರಡುವ ಮುನ್ನವೇ ತಿಳಿದುಕೊಂಡಿರಬೇಕು. ಹೊಟ್ಟೆಯಡಿಯ ಮಡಿಕೆ ಗಂಡಿನಲ್ಲಿ ಕಿರಿದಾಗಿಯೂ ಬೆಳೆದ ಹೆಣ್ಣಿನಲ್ಲಿ ಅಗಲವಾಗಿಯೂ ಇರುತ್ತದೆ. ಆ ಮಡಿಕೆಯಡಿ ಮೊಟ್ಟೆಗಳ ಗೊಂಚಲಿದ್ದರೆ ಎರಡನೆಯ ಯೋಚನೆಯಿಲ್ಲದೆ ನೀರಿಗೆ ಬಿಡಬೇಕು. ಚಿಪ್ಪನ್ನು ಒತ್ತಿದಾಗ ಬಗ್ಗಿದರೆ ಅದು ಇತ್ತೀಚೆಗೆ ಪೊರೆ ಕಳಚಿದ ಏಡಿ; ಒಳಗೆ ಮಾಂಸಕ್ಕಿಂತ ನೀರೇ ಹೆಚ್ಚಾಗಿರುವುದರಿಂದ ಅದನ್ನೂ ಬಿಡುವುದು ಒಳಿತು.

ಇಟ್ಟುಕೊಂಡವನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಹಾಕಬಾರದು. ನಿಂತ ನೀರಿನ ಆಮ್ಲಜನಕ ಬೇಗನೆ ತೀರಿ ಅವು ಉಸಿರುಗಟ್ಟಿ ಸಾಯುತ್ತವೆ. ಕಿವಿರುಗಳು ಒದ್ದೆಯಾಗಿದ್ದರೆ ಅವು ಗಾಳಿಯಲ್ಲೇ ಕೆಲಕಾಲ ಬದುಕಬಲ್ಲವಾದ್ದರಿಂದ, ಸಮುದ್ರದ ನೀರಿನಲ್ಲಿ ನೆನೆಸಿದ ಗೋಣಿಚೀಲ ಹೊದಿಸಿ ನೆರಳಿನಲ್ಲಿಡಬೇಕು. ಸತ್ತ ಏಡಿಯ ಮಾಂಸ ಬಹಳ ಬೇಗ ಕೆಡುತ್ತದೆ. ಬೇಯಿಸುವ ಮುನ್ನ ಒಂದೊಂದನ್ನೂ ಮುಟ್ಟಿ ನೋಡಿ, ಕಾಲು ಅಲುಗಿಸದಿರುವುದನ್ನು ಬೇರೆ ತೆಗೆಯಬೇಕು.