ಅಚ್ಚು ಕೊರೆಯುವ ಮುನ್ನ ಗಣಕದಲ್ಲಿ ಒತ್ತಿ ನೋಡುವಾಗ

ಹುಬ್ಬಳ್ಳಿಯ ಗೋಕುಲ ರಸ್ತೆಯ ಟೂಲ್ ರೂಮುಗಳಲ್ಲಿ ಲೋಹದ ಶೀಟನ್ನು ಒತ್ತಿ ಬಿಡಿಭಾಗ ಮಾಡುವ ಡೈ (ಅಚ್ಚು) ಕೊರೆಯಲು ಸಾಮಾನ್ಯವಾಗಿ ಸಿಗುವ ಕಾಲಾವಕಾಶ ಕೆಲವೇ ವಾರ. ಶೀಟು ಎಲ್ಲಿ ಹರಿಯುತ್ತದೆ, ಎಲ್ಲಿ ಸುಕ್ಕುಗಟ್ಟುತ್ತದೆ ಎಂಬ ಉತ್ತರ ಅದಕ್ಕೂ ಮೊದಲೇ ಬರಬೇಕಾದ್ದರಿಂದ, ಸಿಮ್ಯುಲೇಷನ್, ಅಂದರೆ ಗಣಕದಲ್ಲಿ ಒತ್ತಿ ನೋಡುವ ಲೆಕ್ಕ, ಬೇಗ ಮುಗಿಯುವುದೂ ಅದರ ನಿಖರತೆಯಷ್ಟೇ ಮುಖ್ಯ.

ಗಣಕ ಶೀಟನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ವಿಂಗಡಿಸುತ್ತದೆ. ಕಾಲವನ್ನು ಚಿಕ್ಕ ಹೆಜ್ಜೆಗಳಾಗಿ ಒಡೆದು, ಹಿಂದಿನ ಹೆಜ್ಜೆಯಿಂದ ಮುಂದಿನದನ್ನು ನೇರವಾಗಿ ಲೆಕ್ಕ ಹಾಕುವ ಎಕ್ಸ್‌ಪ್ಲಿಸಿಟ್ ವಿಧಾನದಲ್ಲಿ ಪ್ರತಿ ಹೆಜ್ಜೆಯೂ ಅತ್ಯಂತ ಚಿಕ್ಕ ಎಲಿಮೆಂಟನ್ನು ಶಬ್ದದ ಅಲೆ ದಾಟುವ ಅವಧಿಯನ್ನು ಮೀರುವಂತಿಲ್ಲ. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5000 ಮೀಟರ್ ಸಾಗುವುದರಿಂದ, 1 ಮಿ.ಮೀ. ಎಲಿಮೆಂಟ್ ಇದ್ದರೆ ಪ್ರೆಸ್ಸಿನ ಒಂದು ಸೆಕೆಂಡಿನ ಕೆಲಸಕ್ಕೆ 50 ಲಕ್ಷ ಹೆಜ್ಜೆ ಬೇಕು. ಶೀಟನ್ನು ಡೈಯೊಳಗೆ ಒತ್ತುವ ಪಂಚಿನ ವೇಗವನ್ನು ಲೆಕ್ಕದಲ್ಲಿ ಮಾತ್ರ ಸೆಕೆಂಡಿಗೆ 2 ಮೀಟರಿಗೆ ಏರಿಸಿದರೆ, 100 ಮಿ.ಮೀ. ಆಳದ ಡ್ರಾ (ಶೀಟನ್ನು ಒಳಕ್ಕೆ ಎಳೆಯುವ ಕೆಲಸ) ಎರಡೂವರೆ ಲಕ್ಷ ಹೆಜ್ಜೆಗಳಲ್ಲಿ ಮುಗಿಯುತ್ತದೆ. ಶೀಟಿನ ದ್ರವ್ಯರಾಶಿಯನ್ನು ಕೃತಕವಾಗಿ ನಾಲ್ಕು ಪಟ್ಟು ಮಾಡಿದರೆ ಹೆಜ್ಜೆ ಇಮ್ಮಡಿಯಾಗುತ್ತದೆ. ಆದರೆ ಈ ಎರಡು ಉಪಾಯಗಳೂ ಶೀಟಿಗೆ ಇಲ್ಲದ ಜಡತ್ವವನ್ನು ತಂದುಕೊಡುತ್ತವೆ. ಚಲನಶಕ್ತಿಯು ಆಂತರಿಕ ಶಕ್ತಿಯ ಶೇ. 5ರಿಂದ 10ನ್ನು ಮೀರಿದ ಮೇಲೆ ಪರದೆಯ ಮೇಲಿನ ಸುಕ್ಕನ್ನು ನಾನು ನಂಬುವುದಿಲ್ಲ.

ಮೆಶ್ಶಿನ, ಅಂದರೆ ಎಲಿಮೆಂಟುಗಳ ಜಾಲದ, ವಿಷಯದಲ್ಲಿ ದುಂದು ಹೆಚ್ಚು. ಎಲಿಮೆಂಟಿನ ಬದಿಯನ್ನು ಅರ್ಧ ಮಾಡಿದರೆ ಎಲಿಮೆಂಟುಗಳು ನಾಲ್ಕು ಪಟ್ಟು, ಹೆಜ್ಜೆಗಳು ಎರಡು ಪಟ್ಟು, ಒಟ್ಟು ಲೆಕ್ಕ ಎಂಟು ಪಟ್ಟು. ಆದ್ದರಿಂದ ಇಡೀ ಶೀಟಿಗೆ ಒರಟು ಮೆಶ್ ಕೊಟ್ಟು, ಡೈ ಅಂಚಿನ ಬಾಗಿನ ಮೇಲೆ ಜಾರುವ ಭಾಗ ಮಾತ್ರ ತಾನಾಗಿಯೇ ಸೂಕ್ಷ್ಮವಾಗುವಂತೆ ಬಿಡುವುದು ಲೇಸು. ಡೈ ಮತ್ತು ಪಂಚುಗಳನ್ನು ಬಾಗದ ಮೇಲ್ಮೈಗಳೆಂದು ಹಿಡಿದರೆ ಸಾಕು.

ದರ ಹೇಳುವ ಹಂತದಲ್ಲಿ ಇಷ್ಟೂ ಬೇಕಿಲ್ಲ. ಸಿದ್ಧ ಆಕಾರದಿಂದ ಹಿಂದಕ್ಕೆ ಲೆಕ್ಕ ಹಾಕುವ ಒಂದೇ ಹೆಜ್ಜೆಯ ವಿಧಾನ ಬ್ಲ್ಯಾಂಕಿನ, ಅಂದರೆ ಒತ್ತುವ ಮುನ್ನ ಕತ್ತರಿಸಿದ ಚಪ್ಪಟೆ ಶೀಟಿನ, ಅಳತೆಯನ್ನು ಕೆಲವೇ ನಿಮಿಷಗಳಲ್ಲಿ ಕೊಡುತ್ತದೆ. ಶೀಟು ಸಾಗಿದ ದಾರಿಯನ್ನು ಅದು ಗಣಿಸದ ಕಾರಣ ಸ್ಪ್ರಿಂಗ್‌ಬ್ಯಾಕಿಗೆ, ಅಂದರೆ ಒತ್ತಡ ಬಿಟ್ಟಾಗ ಶೀಟು ಸ್ವಲ್ಪ ಹಿಂದಕ್ಕೆ ಪುಟಿಯುವುದಕ್ಕೆ, ಮಾತ್ರ ಅದನ್ನು ನೆಚ್ಚಬಾರದು. ಅಲ್ಲಿ ಪ್ರತಿ ಹೆಜ್ಜೆಯಲ್ಲೂ ಬಲಗಳ ಸಮತೋಲನವನ್ನು ಬಿಡಿಸುವ ಇಂಪ್ಲಿಸಿಟ್ ಲೆಕ್ಕವೂ, ಶೀಟಿನ ದಪ್ಪದುದ್ದಕ್ಕೂ 7 ಅಥವಾ ಹೆಚ್ಚು ಲೆಕ್ಕದ ಬಿಂದುಗಳೂ ಬೇಕು. ಉಳಿಸಿದ ಸಮಯವನ್ನು ಖರ್ಚು ಮಾಡಬೇಕಾದದ್ದು ಇಲ್ಲಿಯೇ.

ಒಮ್ಮೆ ನಮ್ಮ ಲೆಕ್ಕದಲ್ಲಿ ಸುರಕ್ಷಿತವಾಗಿ ಕಂಡ ಬಿಡಿಭಾಗ ಟ್ರಯಲ್ಲಿನಲ್ಲಿ ಮೂಲೆಯಲ್ಲಿ ಸೀಳಿತು. ಮೆಶ್ ಸರಿಯಾಗಿತ್ತು, ವೇಗವೂ ಮಿತಿಯಲ್ಲಿತ್ತು. ಸರಬರಾಜಿನ ಪ್ರಮಾಣಪತ್ರದಲ್ಲಿ ಶೀಟು ತೆಳುವಾಗುವುದನ್ನು ತಡೆಯುವ ಗುಣದ ಅಂಕಿ, ಅಂದರೆ ಆರ್ ಮೌಲ್ಯ, ಇರಲಿಲ್ಲ. ನಾವು ಕೈಪಿಡಿಯ ಅಂಕಿಯನ್ನು ಹಾಕಿದ್ದೆವು. ಅದೇ ಕಾಯಿಲಿನಿಂದ (ಶೀಟಿನ ಸುರುಳಿಯಿಂದ) ರೋಲಿಂಗ್ ದಿಕ್ಕಿಗೆ, ಅಂದರೆ ಶೀಟನ್ನು ಉರುಳೆಗಳ ನಡುವೆ ಹಾಯಿಸಿದ ದಿಕ್ಕಿಗೆ, 0, 45 ಮತ್ತು 90 ಡಿಗ್ರಿಯಲ್ಲಿ ಪಟ್ಟಿಗಳನ್ನು ಕತ್ತರಿಸಿ ಎಳೆದು ನೋಡಿದಾಗ ನಿಜವಾದ ಮೌಲ್ಯ ಬಹಳ ಕಡಿಮೆ ಬಂತು. ಅದನ್ನು ಹಾಕಿದೊಡನೆ ಬಿರುಕು ಅದೇ ಮೂಲೆಯಲ್ಲಿ ಪರದೆಯ ಮೇಲೂ ಕಾಣಿಸಿತು. ಈಗ ಹೊಸ ಕಾಯಿಲ್ ಬಂದ ದಿನವೇ ಮೂರು ಪಟ್ಟಿಗಳು ಪರೀಕ್ಷೆಗೆ ಹೋಗುತ್ತವೆ, ಲೆಕ್ಕ ಆಮೇಲೆ ಶುರುವಾಗುತ್ತದೆ.